ಇಮೋಜೀನ್ ಕಟ್ಲಿಪ್ ಸೀಸ ಕೆರೆದ ಮಧ್ಯಾಹ್ನ

ಹತ್ತನೆಯ ಗುಂಡು ಗುರಿಹಲಗೆಯ ಕಪ್ಪು ವೃತ್ತದ ಅಂಚನ್ನು ತರಚಿಕೊಂಡು ಹೋದಾಗ ಇಮೋಜೀನ್ ಕಟ್ಲಿಪ್ ಬಂದೂಕು ಇಳಿಸಿ ಹಲಗೆಯನ್ನೇ ದುರುಗುಟ್ಟಿ ನೋಡಿದಳು. ಮೊದಲ ಐದು ಗುಂಡು ನಡುವಿನಲ್ಲೇ ಒಂದರ ಮೇಲೊಂದು ಕೂತಿದ್ದವು. ಆಮೇಲಿನವು ಕುಡುಕನ ಹೆಜ್ಜೆಯ ಹಾಗೆ ದಿಕ್ಕಿಗೊಂದು. ಬೆಳಗಿನ ಸುತ್ತು ಮುಗಿದಾಗ ಅವಳದು ಎಂಬತ್ತೇಳು, ಡೆಂಜಿಲನದು ತೊಂಬತ್ತಮೂರು. ಊಟವಾದ ಮೇಲೆ ತಲಾ ಹತ್ತು ಗುಂಡು. ಅಷ್ಟರಲ್ಲಿ ಅವನನ್ನು ಹಿಂದೆ ಹಾಕದಿದ್ದರೆ ಈ ಬಂದೂಕು ಅವನ ಮನೆ ಸೇರುತ್ತದೆ.

ಡೆಂಜಿಲ್ ಅವಳ ಮಾಜಿ ಗಂಡ. ಮದುವೆಯಾದ ವರ್ಷ ಇಬ್ಬರೂ ಸೇರಿ ಕೊಂಡ ಬಂದೂಕು ಅದು; ಒಮ್ಮೆಗೆ ಒಂದೇ ತೋಟಾ ಹಿಡಿಯುವ ಹಳೆಯ ಕಾಲದ್ದು. ಆರು ವರ್ಷದ ಹಿಂದೆ ಬೇರೆಯಾದಾಗ ನಾಯಿ ಅವನಿಗೆ ಹೋಯಿತು, ಬಂದೂಕು ಇವಳಿಗೆ ಉಳಿಯಿತು. ನಾಯಿ ಸತ್ತ ಮೇಲೆ ಅವನಿಗೆ ಬಂದೂಕಿನ ನೆನಪು ಜಾಸ್ತಿಯಾಯಿತು. ಕಳೆದ ವಸಂತದಲ್ಲಿ ಚರ್ಚಿನ ಊಟದ ಪಂಕ್ತಿಯಲ್ಲಿ, "ಅವಳ ಕೈಲಿ ನಳಿಗೆ ತುಂಬ ಸೀಸ ಮೆತ್ತಿ ಹಾಳಾಗ್ತಿದೆ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ಇಮೋಜೀನಳಿಗೆ ಮೂಗಿನ ತುದಿಯಲ್ಲೇ ಕೋಪ. "ಅಕ್ಟೋಬರ್ ಪಂದ್ಯದಲ್ಲಿ ನನ್ನ ಸೋಲ್ಸು, ತಗೊಂಡ್ಹೋಗು!" ಎಂದುಬಿಟ್ಟಳು. ಆಡಿದ ಮಾತು ಒಡೆದ ಮುತ್ತು.

ಎಲ್ಕ್ ನದಿಯ ಗುಡ್ಡಗಳಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ಅವಳು. ಚಕ್ರಗಳ ತೂಕ ಸರಿದೂಗಿಸಲು ಸಿಕ್ಕಿಸುವ ಸೀಸದ ತುಂಡುಗಳನ್ನು ಗ್ಯಾರೇಜಿನವರು ಎಸೆಯುವ ಮೊದಲೇ ಡಬ್ಬಿಗೆ ತುಂಬಿಕೊಳ್ಳುತ್ತಿದ್ದಳು. ಹಿತ್ತಲಲ್ಲಿ ಅದನ್ನು ಕರಗಿಸಿ, ಅಚ್ಚಿಗೆ ಹೊಯ್ದು, ಜೇನುಮೇಣ ಸವರಿದ ಅವಳ ಗುಂಡುಗಳು ನಳಿಗೆಗೆ ಒಂದಿಷ್ಟೂ ಮೆತ್ತುತ್ತಿರಲಿಲ್ಲ. ಊರವರು ತಮ್ಮ ಕೆಟ್ಟ ನಳಿಗೆಗಳನ್ನು ಅವಳ ಬಳಿಗೇ ತರುತ್ತಿದ್ದರು. ಇಂಥವಳು ಪಣ ಕಟ್ಟಿದ ಮೇಲೆ ಹೆದರಿ ಪೆದ್ದಿಯಾದಳು. ಗಟ್ಟಿ ಲೋಹವಾದರೆ ಮೆತ್ತುವುದೇ ಇಲ್ಲ ಎಂದು ಯಾರೋ ಅಂಗಡಿಯವನು ಹೇಳಿದ್ದೇ ತಡ, ಮುಚ್ಚಿಹೋದ ಪತ್ರಿಕೆಯೊಂದರ ಹಳೆಯ ಅಚ್ಚುಮೊಳೆಗಳನ್ನು ತಂದು ಕರಗಿಸಿ ಕಲ್ಲಿನಂಥ ಗುಂಡು ಎರೆದಳು. ಸಾಲದ್ದಕ್ಕೆ ಆ ಅಂಗಡಿಯವನೇ ಕೊಟ್ಟ, ಗುಂಡಿನ ಅಳತೆ ಸರಿಮಾಡುವ ಉಕ್ಕಿನ ಬಳೆಯೊಳಗೆ ಒಂದೊಂದನ್ನೂ ತಳ್ಳಿ ನಯ ಮಾಡಿದಳು. ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು ಅನ್ನುವುದು ಆಗ ಅವಳಿಗೆ ಹೊಳೆಯಲಿಲ್ಲ.

ಈಗ ಹೊಳೆಯಿತು. ಬಂದೂಕಿನ ಹಿಂಬದಿ ತೆರೆದು ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡಿದಳು. ಕನ್ನಡಿಯಂತಿರಬೇಕಾದ ಒಳಗಿನ ಸುರುಳಿ ಗೀರುಗಳ ಮೇಲೆ ಬೂದು ಬಣ್ಣದ ಪೊರೆ.

"ಏನಾಯ್ತಮ್ಮಾ?" ಪಂದ್ಯದ ತೀರ್ಪುಗಾರ ಮುದುಕ ಓಕಿ ಹ್ಯಾಮ್ರಿಕ್ ಬೀನ್ಸಿನ ಬಟ್ಟಲು ಹಿಡಿದೇ ಬಂದ.

"ನನ್ನ ತಲೆಗೆ ಮಣ್ಣು ಬಿತ್ತು, ಓಕಿ. ಗುಂಡು ಸಣ್ಣಗಾಗಿದೆ. ಆ ಹಾಳು ಬಳೆ ಕೂದಲೆಳೆಯಷ್ಟು ಸವೆಸಿಬಿಟ್ಟಿದೆ. ಲೋಹ ಮೆತ್ತಗಿದ್ದಿದ್ರೆ ಮದ್ದಿನ ಹೊಡೆತಕ್ಕೆ ಉಬ್ಬಿ ನಳಿಗೆ ತುಂಬ್ಕೊಳ್ತಿತ್ತು. ಇದು ಕಲ್ಲು! ಪಕ್ಕದ ಸಂದೀಲಿ ಬೆಂಕಿ ನುಗ್ಗಿ ಸೀಸ ಕರಗ್ಸಿ ಬಳಿದಿದೆ."

"ಯಾರ ಹತ್ರನಾದ್ರೂ ಹತ್ತು ಗುಂಡು ಇಸ್ಕೊಳ್ಳೋಣ ಅಂದ್ರೆ ನಿಯಮ ಬಿಡಲ್ಲ. ಅವರವರು ಎರೆದದ್ದನ್ನೇ ಅವರವರು ಹೊಡೀಬೇಕು."

"ಊಟದ ಬಿಡುವು ಮುಗಿಯೋಕೆ ಎಷ್ಟು ಹೊತ್ತಿದೆ?"

"ಒಂದು ಗಂಟೆ."

"ಹಾಗಾದ್ರೆ ಈಗಲೇ ಎರೀತೀನಿ!"

ಅವಳ ಮೈಯಲ್ಲಿ ಮಿಂಚು ಹರಿದಂತಾಯಿತು. ಕ್ಲಬ್ಬಿನ ತಗಡಿನ ಚಪ್ಪರದಲ್ಲಿ ಸೀಸ ಕಾಯಿಸುವ ಒಲೆ ಇತ್ತು, ಅಚ್ಚು ಅವಳ ಚೀಲದಲ್ಲೇ ಇತ್ತು. ಇಲ್ಲದ್ದು ಮೆತ್ತನೆಯ ಸೀಸ. ಅದು ಯಾರ ಬಳಿ ಇದೆಯೆಂದು ಅವಳಿಗೆ ಗೊತ್ತಿತ್ತು. ನೆಟ್ಟಗೆ ಡೆಂಜಿಲನ ಗಾಡಿಯ ಬಳಿ ನಡೆದಳು. ಅವನು ಜೋಳದ ಬ್ರೆಡ್ಡು ಮುರಿಯುತ್ತಿದ್ದ.

"ನಿನ್ನ ಗಾಳದ ಪೆಟ್ಟಿಗೇಲಿ ಸೀಸದ ಬಿಲ್ಲೆ ಇವೆಯಲ್ಲ, ಕೊಡು."

"ನಿನ್ನ ಗೆಲ್ಸೋಕಾ? ನಂಗೇನು ತಲೆ ಕೆಟ್ಟಿದೆಯೇನೇ?"

"ಕೊಡ್ಬೇಡ. ಕೆಟ್ಟ ನಳಿಗೆ ಎದುರು ಗೆದ್ದೆ ಅಂತ ಜನ್ಮವೆಲ್ಲ ಹೇಳ್ಕೊಂಡು ತಿರುಗು."

ಡೆಂಜಿಲ್ ಬ್ರೆಡ್ಡನ್ನು ಕೆಳಗಿಟ್ಟ. ಗೊಣಗುತ್ತ ಪೆಟ್ಟಿಗೆ ತೆರೆದು ಎರಡು ಬೊಗಸೆ ಬಿಲ್ಲೆ ಅವಳ ಟೋಪಿಗೆ ಸುರಿದ. "ನಿನ್ನ ನಾಲಿಗೆಗೆ ಮಾತ್ರ ಇನ್ನೂ ತುಕ್ಕು ಹಿಡಿದಿಲ್ಲ, ಮಾರಾಯ್ತಿ."

ಸೀಸ ಕಾಯುವಷ್ಟರಲ್ಲಿ ನಳಿಗೆಯ ಕೆಲಸ. ಪಾತ್ರೆ ಉಜ್ಜುವ ತಾಮ್ರದ ನಾರನ್ನು ಕೈಗೆತ್ತಿಕೊಂಡು ಮೊದಲು ಅಯಸ್ಕಾಂತ ಮುಟ್ಟಿಸಿದಳು. ತಾಮ್ರದ ಬಣ್ಣ ಬಳಿದ ಉಕ್ಕಾಗಿದ್ದರೆ ಗೀರುಗಳೇ ಹಾಳು. ಅಯಸ್ಕಾಂತ ಅಂಟಲಿಲ್ಲ. ನಾರನ್ನು ಹಳೆಯ ಬ್ರಷ್ಷಿಗೆ ಸುತ್ತಿ, ಸರಳಿಗೆ ಸಿಕ್ಕಿಸಿ, ಎಣ್ಣೆ ಹನಿಸಿ ಹಿಂಬದಿಯಿಂದ ತಳ್ಳಿದಳು. ಬಾಯಿಯ ಕಡೆಯಿಂದ ತಳ್ಳಿದರೆ ಅಂಚು ಸವೆದು ಗುರಿಯೇ ಕೆಡುತ್ತದೆ. ಹತ್ತು ಸಲ, ಇಪ್ಪತ್ತು ಸಲ. ಕೆಳಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ಸೀಸದ ಸಿಪ್ಪೆಗಳು ಮೀನಿನ ಹುರುಪೆಯ ಹಾಗೆ ಉದುರತೊಡಗಿದವು.

"ಬರ್ತಿದೆ, ಓಕಿ! ಬರ್ತಿದೆ ನೋಡು!" ಎಂದು ಕೂಗಿದಳು. ಊಟ ಮಾಡುತ್ತಿದ್ದವರೆಲ್ಲ ಬಟ್ಟಲು ಸಮೇತ ಎದ್ದು ಬಂದರು.

"ಬಟ್ಟಲು ಹಿಡ್ಕೊಂಡು ಸೀಸದ ಹತ್ರ ಬರ್ಬೇಡಿ, ದೂರ ನಿಲ್ಲಿ!" ಎಂದು ಗದರಿದಳು.

ಲೋಹ ತೀರ ಮೆತ್ತಗಾಗದಿರಲೆಂದು ಬಿಲ್ಲೆಗಳ ಜೊತೆಗೆ ತನ್ನ ಕಲ್ಲುಗುಂಡುಗಳನ್ನೂ ಒಂದು ಹಿಡಿ ಹಾಕಿ ಕರಗಿಸಿದಳು. ಅಚ್ಚು ತಣ್ಣಗಿದ್ದುದರಿಂದ ಮೊದಲಿನ ಆರೇಳು ಸುಕ್ಕಾಗಿ ಬಂದವು. ಮತ್ತೆ ಪಾತ್ರೆಗೆ ಹೋದವು. ಆಮೇಲಿನವು ಫಳಫಳನೆ ಉದುರಿದವು. ಹದಿಮೂರು ಒಳ್ಳೆಯವು ಸಿಕ್ಕವು. ಬಳೆಯನ್ನು ಮುಟ್ಟಲೇ ಇಲ್ಲ. ಅಚ್ಚಿನಿಂದ ಬಿದ್ದ ದಪ್ಪದಲ್ಲೇ ಬಿಟ್ಟು, ಆರಿದ ಮೇಲೆ ಬೆರಳಿನಿಂದ ಮೇಣ ತುಂಬಿ, ಮದ್ದು ತುಂಬಿದ ಹಿತ್ತಾಳೆಯ ಚಿಪ್ಪುಗಳಿಗೆ ಕೂರಿಸುವಷ್ಟರಲ್ಲಿ ಓಕಿ ಗಂಟೆ ಬಾರಿಸಿದ.

ಡೆಂಜಿಲ್ ಮೊದಲು ಹೊಡೆದ. ತೊಂಬತ್ತೊಂದು. ಒಟ್ಟು ನೂರ ಎಂಬತ್ತನಾಲ್ಕು. ಇಮೋಜೀನ್ ಲೆಕ್ಕ ಹಾಕಿದಳು: ತೊಂಬತ್ತೆಂಟು ಬೇಕು. ತೊಂಬತ್ತೇಳಾದರೆ ಸಮ, ಸಮವಾದರೆ ಬೆಳಗ್ಗೆ ಮುಂದಿದ್ದವನೇ ಗೆದ್ದಂತೆ.

ಮೊದಲನೆಯದು ಒಂಬತ್ತು. ಉಜ್ಜಿದ ನಳಿಗೆಯ ಮೊದಲ ಗುಂಡು ಹಾಗೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎರಡನೆಯದು ಹತ್ತು. ಮೂರು, ನಾಲ್ಕು, ಐದು, ಆರು, ಎಲ್ಲವೂ ಹತ್ತು! ಬೆಳಗ್ಗೆ ಕೆಟ್ಟದ್ದು ಆರನೆಯದರಿಂದಲೇ. ಉಸಿರು ಬಿಗಿಹಿಡಿದು ಏಳನೆಯದನ್ನು ಹೊಡೆದಳು. ಒಂಬತ್ತು. ಗುಂಪಿನಲ್ಲಿ ಯಾರೋ "ಅಯ್ಯೋ" ಅಂದರು. ಎಂಟು ಮತ್ತು ಒಂಬತ್ತನೆಯದು ಮತ್ತೆ ನಡುವಿಗೇ ಹೋದವು.

ಕೊನೆಯದು ಹತ್ತೇ ಆಗಬೇಕು. ಬಂದೂಕು ಕೆಳಗಿಟ್ಟು, ಅಂಗೈ ಒರೆಸಿಕೊಂಡು, ಮತ್ತೆ ಎತ್ತಿದಳು. ಹೊಡೆದಳು. ಓಕಿ ದುರ್ಬೀನಿನಲ್ಲಿ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ.

"ಹತ್ತು! ಹತ್ತು ಕಣ್ರೋ!"

ಇಮೋಜೀನ್ ಐವತ್ತೊಂಬತ್ತು ವರ್ಷ ಮರೆತು ಕುಣಿದಳು. ಗದ್ದಲ ಕರಗಿದ ಮೇಲೆ ಡೆಂಜಿಲ್ ಬಂದು ಕೈಚಾಚಿದ. "ಒಂದ್ಸಲ ನೋಡ್ಲಾ?"

ಕೊಟ್ಟಳು. ಅವನು ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಒಂದು ಚೂರೂ ಸೀಸ ಇಲ್ಲ," ಅಂದ. "ಹಾಳು ಮಾಡ್ತಿದೀಯ ಅಂದಿದ್ದು ಸುಳ್ಳು ಕಣೆ, ಇಮೋಜೀನ್. ಈ ಆರು ವರ್ಷದಲ್ಲಿ ನಾನು ಒಳಗೆ ನೋಡೇ ಇರ್ಲಿಲ್ಲ."

"ಬೆಳಗ್ಗೆ ನೋಡಿದ್ರೆ ನೀನು ಹೇಳಿದ್ದು ನಿಜ ಆಗಿರ್ತಿತ್ತು. ಯಾರ್ದೋ ಮಾತು ಕೇಳಿ ನಾನೇ ಮೆತ್ಸಿದ್ದು," ಅಂದಳು ಇಮೋಜೀನ್. "ಬಿಲ್ಲೆ ಕೊಡದೇ ಇದ್ದಿದ್ರೆ ಇವತ್ತು ಇದು ನಿಂದಾಗ್ತಿತ್ತು, ಡೆಂಜಿಲ್."

"ಗೊತ್ತು," ಎಂದು ಅವನು ಬಂದೂಕನ್ನು ಎರಡೂ ಕೈಯಲ್ಲಿ ಅವಳಿಗೆ ವಾಪಸು ಕೊಟ್ಟ.