ಉಯ್ಯಂಬಳ್ಳಿಯಲ್ಲಿರುವ ನನ್ನ ಬಾಯಿ

ತಿಳಿನೀಲಿ ಕರವಸ್ತ್ರ, ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ಸುಟ್ಟ ಕಂದು ಗುರುತು. ಕನಕಪುರದ ಬಸ್ ನಿಲ್ದಾಣಕ್ಕೆ ರಾಮನಗರದ ಬಸ್ಸು ಬಂದು, ಅದಿನ್ನೂ ಹಿಂದಕ್ಕೆ ಸರಿಯುತ್ತಿರುವಾಗಲೇ ಕಿಟಕಿಯೊಳಗೆ ಕೈ ತೂರಿಸಿ ಅದನ್ನು ಸೀಟಿನ ಮೇಲೆ ಹಾಕುತ್ತೇನೆ. ಹಾಕಿದ ಮೇಲೆ ಆ ಸೀಟು ನಮ್ಮದು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೂರುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ರೇಷ್ಮೆಗೂಡಿನ ಮೂಟೆ ಹೊತ್ತು ಮಾರುಕಟ್ಟೆಗೆ ಹೊರಟ ದೊಡ್ಡ ಮೀಸೆಯ ಯಜಮಾನರೂ ಅದನ್ನೊಮ್ಮೆ ನೋಡಿ, ಕಂಬಿ ಹಿಡಿದು ನಿಂತುಕೊಳ್ಳುತ್ತಾರೆ. ಒಂದು ತುಂಡು ಬಟ್ಟೆಯ ಮಾತಿಗೆ ಇರುವ ಬೆಲೆ ನನ್ನ ಮಾತಿಗಿಲ್ಲ ಎಂಬುದು ನನ್ನ ಮೊದಲ ತಕರಾರು. ಯಾರ ಮೇಲೆ ಉರಿದು ಮಾತು ಬಿಟ್ಟಿದ್ದೆನೋ ಅವಳಿಗಾಗಿಯೇ ಆ ಬಟ್ಟೆಯನ್ನು ದಿನವೂ ಹಾಕುತ್ತಿದ್ದೆ ಎಂಬುದು ಎರಡನೆಯದು.

ಅವಳು ಸವಿತಾ. ಉಯ್ಯಂಬಳ್ಳಿಯವಳು. ಬೆಳಿಗ್ಗೆ ಅಲ್ಲಿಂದ ಒಂದು ಬಸ್ಸು ಹಿಡಿದು ಕನಕಪುರಕ್ಕೆ ಬರುತ್ತಾಳೆ. ಅಲ್ಲಿಂದ ಮುಂದೆ ರಾಮನಗರದ ಕಾಲೇಜಿನವರೆಗೆ ನಾನು ಹಿಡಿದಿಟ್ಟ ಸೀಟು. ಇಬ್ಬರದೂ ರಸಾಯನಶಾಸ್ತ್ರ, ಎಂ.ಎಸ್ಸಿ.ಯ ಕೊನೆಯ ವರ್ಷ. ಬಿ.ಎಸ್ಸಿ.ಯ ದಿನಗಳಿಂದಲೂ ನಮ್ಮ ನಡುವೆ ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದವಿದೆ: ಮಾತೆಲ್ಲ ಅವಳದು, ಬರಹವೆಲ್ಲ ನನ್ನದು. ಆಫೀಸಿನ ಕಿಟಕಿಯಲ್ಲಿ ಹಾಲ್ ಟಿಕೆಟ್ ಕೇಳುವುದು, ಮೇಷ್ಟ್ರ ಬಳಿ ಹೋಗಿ ಇಂಟರ್ನಲ್ಸ್ ಮುಂದಕ್ಕೆ ಹಾಕಿಸುವುದು, ಜೆರಾಕ್ಸ್ ಅಂಗಡಿಯ ನೂಕುನುಗ್ಗಲಿನಲ್ಲಿ "ಅಣ್ಣಾ, ನಮ್ದು ಮೊದ್ಲು ಕೊಡಣ್ಣ, ಬಸ್ಸು ಒಂಟೋಯ್ತದೆ" ಎನ್ನುವುದು ಅವಳ ಪಾಲು. ರಜಾ ಅರ್ಜಿ, ಸೆಮಿನಾರಿನ ಟಿಪ್ಪಣಿ, ರೆಸ್ಯೂಮೆ ನನ್ನ ಪಾಲು. ನನ್ನ ಬಾಯಿ ಉಯ್ಯಂಬಳ್ಳಿಯಲ್ಲಿ, ಅವಳ ಕೈ ಕನಕಪುರದಲ್ಲಿ. ಇಬ್ಬರನ್ನೂ ಸೇರಿಸಿದರೆ ಒಬ್ಬಳು ಒಳ್ಳೆಯ ವಿದ್ಯಾರ್ಥಿನಿ ಆಗುತ್ತಿದ್ದಳು. ತೊಂದರೆಯೆಂದರೆ, ಕೆಲಸ ಕೊಡುವವರು ನಮ್ಮನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಾರೆ.

ಕರೆಯುವುದಕ್ಕೆ ಮುಂಚೆ ನಮ್ಮನ್ನು ತಿದ್ದಲು ಕಾಲೇಜಿಗೆ ಒಬ್ಬ ತರಬೇತುದಾರರು ಬಂದರು. ಸಂವಹನ ಕೌಶಲವೇ ವ್ಯಕ್ತಿತ್ವ ಎಂದರು. ಕೈಕುಲುಕುವಾಗ ಎಷ್ಟು ಬಿಗಿ ಇರಬೇಕು, ನಗುವಾಗ ಎಷ್ಟು ಹಲ್ಲು ಕಾಣಬೇಕು ಎಂದು ತೋರಿಸಿದರು. ನಾನು ಎದ್ದು ನಿಂತು ಒಂದು ಪ್ರಶ್ನೆ ಕೇಳಲು ಹೊರಟೆ. ನನ್ನ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಅವರೇ ಅದನ್ನು ಪೂರ್ತಿ ಮಾಡಿದರು, ತಪ್ಪಾಗಿ; ಆಮೇಲೆ ತಾವು ಪೂರ್ತಿ ಮಾಡಿದ ಪ್ರಶ್ನೆಗೆ ತಾವೇ ಉತ್ತರ ಕೊಟ್ಟು, "ವೆರಿ ಗುಡ್ ಕ್ವೆಶ್ಚನ್" ಎಂದು ನನ್ನನ್ನು ಕೂರಿಸಿದರು. ಮಾತು ಕಲಿಸಲು ಬಂದವರು ತಾವಿದ್ದ ಮೂರು ದಿನವೂ ಯಾರ ಮಾತನ್ನೂ ಕೊನೆಯವರೆಗೆ ಕೇಳಲಿಲ್ಲ. ಕೇಳುವುದು ಸಂವಹನದ ಯಾವ ಭಾಗದಲ್ಲಿ ಬರುತ್ತದೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ನನ್ನ ಮೌನದ ಬಗ್ಗೆ ಲೋಕಕ್ಕೆ ಒಂದೇ ಅಭಿಪ್ರಾಯ ಇದ್ದಿದ್ದರೆ ನಾನೂ ಒಪ್ಪಿಕೊಳ್ಳುತ್ತಿದ್ದೆ. ಹಾಗಿಲ್ಲ. ಹೋದ ವರ್ಷ ಮರಳವಾಡಿಯ ಕಡೆಯಿಂದ ನನ್ನನ್ನು ನೋಡಲು ಬಂದವರ ಮುಂದೆ ನನ್ನ ಅತ್ತೆ, "ನಮ್ ಹುಡ್ಗಿ ಕೇಳೋಗಂಟ ಬಾಯ್ ಬುಡಾಕಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಗಂಡಿನ ತಾಯಿ ತಲೆದೂಗಿದರು. ಪುಣ್ಯಕ್ಕೆ ಆ ಮಾತುಕತೆ ಮುಂದುವರಿಯಲಿಲ್ಲ. ಆದರೆ ಹೆಣ್ಣು ನೋಡಲು ಬಂದವರಿಗೆ ಗುಣವಾಗಿ ಕಂಡದ್ದು ಕೆಲಸ ಕೊಡುವವರಿಗೆ ರೋಗವಾಗಿ ಕಾಣುತ್ತದೆ. ನಾನು ಎರಡೂ ಕಡೆ ಒಂದೇ ರೀತಿ, ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಅಂದ ಹಾಗೆ, ಪ್ರಯೋಗಾಲಯದಲ್ಲಿ ಸದ್ದು ಮಾಡುವ ವಸ್ತುವನ್ನು ಯಾರೂ ಮೆಚ್ಚುವುದಿಲ್ಲ. ಕನ್ನಡಕ ಸರಿಮಾಡಿಕೊಂಡು ದೂರ ಸರಿಯುತ್ತಾರೆ.

ಸಂದರ್ಶನ ಇದ್ದದ್ದು ಹಾರೋಹಳ್ಳಿಯ ಕಡೆಯ ಒಂದು ಔಷಧಿ ಕಾರ್ಖಾನೆಯಲ್ಲಿ, ಗುಣಮಟ್ಟ ಪರೀಕ್ಷಿಸುವ ಲ್ಯಾಬಿನ ಕೆಲಸಕ್ಕೆ. ಇಬ್ಬರ ಅರ್ಜಿಯನ್ನೂ ನಾನೇ ಬರೆದಿದ್ದೆ. ಇಬ್ಬರಿಗೂ ಈ ಕೆಲಸ ಬೇಕಿತ್ತು. ಸಿಕ್ಕರೆ ಮನೆಯಲ್ಲಿ ಒಂದೆರಡು ವರ್ಷ ಯಾರೂ ಯಾವ ಗಂಡಿನ ಕಡೆಯವರನ್ನೂ ಕರೆತರುವುದಿಲ್ಲ. ಸವಿತಾ ಮೊದಲು ಒಳಗೆ ಹೋದಳು. ನಗುತ್ತ ಆಚೆ ಬಂದು ನನ್ನ ಪಕ್ಕ ಕೂತಳು.

"ಅರ್ಜಿ ಯಾರಮ್ಮ ಬರ್ದಿದ್ದು ಅಂದ್ರು ಕಣೇ. ಸುಳ್ಯಾಕೆ ಹೇಳ್ಳಿ, ಆಚೆ ಕುಂತವ್ಳಲ್ಲ, ಅವ್ಳೇ ಬರ್ದಿದ್ದು ಅಂದೆ. ಲ್ಯಾಬಲ್ಲಿ ನನ್ಗಿಂತ ಚೆನ್ನಾಗ್ ಮಾಡ್ತಾಳೆ ಸಾರ್, ಆದ್ರೆ ಮಾತಾಡಕಿಲ್ಲ, ಒಸಿ ನೀವೇ ಅರ್ಥ ಮಾಡ್ಕಳಿ ಅಂತ್ಲೂ ಹೇಳ್ಬುಟ್ಟಿವ್ನಿ. ನೀನೇನ್ ಎದ್ರುಕೋಬ್ಯಾಡ."

ಆಗಲೇ ನನ್ನ ಹೆಸರು ಕೂಗಿದರು.

ಒಳಗೆ ಕೂತಿದ್ದ ಮೂವರಲ್ಲಿ ನಡುವಿನವರು ನಗುಮುಖದಿಂದಲೇ ಕೇಳಿದರು: "ನಿಮ್ಮ ಫ್ರೆಂಡ್ ಹೇಳಿದ್ರು, ನೀವು ಮಾತೇ ಆಡೋದಿಲ್ವಂತೆ, ಹೌದಾ?" ಈ ಪ್ರಶ್ನೆಗೆ ಇಲ್ಲ ಎಂದರೆ ಸವಿತಾ ಸುಳ್ಳಿ, ಹೌದು ಎಂದರೆ ನಾನು ಮೂಕಿ. "ಕೆಲಸ ಇದ್ದಾಗ ಮಾತಾಡ್ತೀನಿ ಸಾರ್" ಎಂದೆ. ಮೂವರೂ ನಕ್ಕರು. ಅದು ನಗುವ ಮಾತಲ್ಲ, ನಿಜದ ಮಾತು. ಆಮೇಲೆ ಎಡಗಡೆಯವರು, ತಂಡದಲ್ಲಿ ಜಗಳವಾದರೆ ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರು. ನಾನು ಯೋಚಿಸುತ್ತಿದ್ದೆ. "ಟೇಕ್ ಯುವರ್ ಟೈಮ್" ಎಂದು ಹೇಳಿ ಅವರು ಗಡಿಯಾರ ನೋಡಿಕೊಂಡರು. ಔಷಧಿಯಲ್ಲಿ ಕಲ್ಮಶ ಪತ್ತೆ ಮಾಡುವುದು ಹೇಗೆ ಎಂಬ, ಆ ಕೆಲಸಕ್ಕೆ ಸಂಬಂಧಪಟ್ಟ ಒಂದೇ ಒಂದು ಪ್ರಶ್ನೆ ಕೊನೆಗೆ ಬಂತು. ಮಾದರಿಯನ್ನು ಹೇಗೆ ತೆಗೆಯಬೇಕು ಎಂಬಲ್ಲಿಂದ ಶುರು ಮಾಡಿದೆ. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಪರೀಕ್ಷೆಗೆ ಬರುವಷ್ಟರಲ್ಲಿ "ಓಕೆ, ಓಕೆ" ಎಂದರು. ಅಲ್ಲಿಗೆ ಮುಗಿಯಿತು.

ಫಲಿತಾಂಶವನ್ನು ಕಾಲೇಜಿನ ಪ್ಲೇಸ್‌ಮೆಂಟ್ ಮೇಡಂ ಹೇಳಿದರು. ಸವಿತಾ ಆಯ್ಕೆಯಾಗಿದ್ದಳು. ನನ್ನದು, "ಸಬ್ಜೆಕ್ಟ್ ಚೆನ್ನಾಗಿದೆಯಂತಮ್ಮ, ಕಮ್ಯುನಿಕೇಶನ್ ಸಾಲದಂತೆ."

ಮೆಟ್ಟಿಲ ಹತ್ತಿರ ಸವಿತಾಳಿಗೆ ಹೇಳಿದೆ: "ನನ್ ಬಗ್ಗೆ ಒಳಗೆ ಹೇಳು ಅಂತ ನಾನು ನಿನ್ನ ಕೇಳಿದ್ನಾ?"

"ಒಳ್ಳೇದ್ ಮಾಡಕ್ ಹೋದೆ ಕಣೇ, ಕಬ್ಬಾಳಮ್ಮನಾಣೆಗೂ."

"ಕೇಳಿದ್ನಾ?"

ಅವಳು ಸುಮ್ಮನಾದಳು. ಸವಿತಾ ಸುಮ್ಮನಾದದ್ದನ್ನು ನಾನು ಅದೇ ಮೊದಲು ಕಂಡದ್ದು. ನನ್ನ ಕೋಪ ಅದರಿಂದ ಇಳಿಯಲಿಲ್ಲ. ಅಪಕಾರ ಮಾಡಿದವರ ಮೇಲಿನ ಕೋಪಕ್ಕೆ ಒಂದು ಸುಖವಿದೆ, ಪೂರ್ತಿ ಕೋಪಿಸಿಕೊಳ್ಳಬಹುದು. ಉಪಕಾರ ಮಾಡಲು ಹೋಗಿ ನಮ್ಮನ್ನು ಕೆಡಿಸಿದವರ ಮೇಲಿನ ಕೋಪ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು; ಉಗುಳಲೂ ಆಗದು, ನುಂಗಲೂ ಆಗದು.

ಅಲ್ಲಿಂದ ಮಾತು ನಿಂತಿತು. ನಿಂತಿತು ಎಂದರೆ ನೇರವಾದ ಮಾತು. ಹಳೆಯ ಕಾವ್ಯಗಳಲ್ಲಿ ಮೋಡವನ್ನೋ ಹಂಸವನ್ನೋ ದೂತರಾಗಿ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಎಮ್ಮೆ ಇತ್ತು. ತಾತನ ಮೇಲೆ ಮುನಿಸಾದರೆ ಅಜ್ಜಿ ಕೊಟ್ಟಿಗೆಯಲ್ಲಿ ನಿಂತು, "ನೋಡೇ, ಮುದ್ದೆ ಆರೋಯ್ತಾ ಐತೆ, ಉಣ್ಣೋರಿಗೆ ಗ್ಯಾನ ಇಲ್ಲ" ಎಂದು ಎಮ್ಮೆಗೆ ಹೇಳುತ್ತಿದ್ದರು. ಜಗಲಿಯಲ್ಲಿದ್ದ ತಾತ ಎದ್ದು ಬಂದು ಉಂಡು, "ಉಪ್ಪು ಕಮ್ಮಿ" ಎಂದು ಕಂಬಕ್ಕೆ ಹೇಳುತ್ತಿದ್ದರು. ನಮ್ಮ ಸೀಮೆಯಲ್ಲಿ ಹೀಗೆ ತಿಂಗಳುಗಟ್ಟಲೆ ಸಂಸಾರಗಳು ನಡೆದಿವೆ. ಸಂದರ್ಶನದಲ್ಲಿ ತಂಡದ ಜಗಳದ ಬಗ್ಗೆ ಕೇಳಿದಾಗ ನನಗೆ ನೆನಪಾಗಿದ್ದದ್ದು ಇದೇ. ಹೇಳಬಹುದಾಗಿತ್ತು.

ಸವಿತಾಳಿಗೂ ನನಗೂ ಎಮ್ಮೆಯ ಜಾಗದಲ್ಲಿ ಸಿಕ್ಕವರು ಬಸ್ಸಿನ ಕಂಡಕ್ಟರ್. ದಿನವೂ ಅದೇ ಬಸ್ಸು, ಅವರೇ. ಕರವಸ್ತ್ರ ಎತ್ತಿ ಮಡಿಸಿ ನನ್ನ ಮಡಿಲಿಗಿಟ್ಟು ಸವಿತಾ ಕೂರುತ್ತಿದ್ದಳು. ಆಮೇಲೆ ಶುರು: "ಅಣ್ಣಾ, ಪಕ್ಕದೋರು ಒಸಿ ಸರ್ಕೊಂಡ್ರೆ ಬ್ಯಾಗ್ ಮಡೀಕತೀನಿ." ನಾನು ಸರಿಯುತ್ತಿದ್ದೆ. ಕಿಟಕಿ ಮುಚ್ಚಬೇಕಾದರೆ ನಾನೂ ಅವರಿಗೇ ಹೇಳುತ್ತಿದ್ದೆ. ಅವರು ಮೊದಲು ನಕ್ಕರು, ಆಮೇಲೆ ಬೇಸತ್ತರು.

ನಿನ್ನೆ ಸವಿತಾ ಅವರ ಕೈಯಿಂದ ಟಿಕೆಟ್ ತೆಗೆದುಕೊಳ್ಳುತ್ತ, "ಅಣ್ಣಾ, ಆ ಕೆಲ್ಸಕ್ಕೆ ನಾನು ಹೋಗಕಿಲ್ಲ ಅಂತ ಕೆಲವ್ರಿಗೆ ಹೇಳ್ಬುಡಿ. ನಾಳೆ ಒಪ್ಗೆ ಕಳ್ಸಕೆ ಕೊನೇ ದಿನ. ಕಳ್ಸಾಕಿಲ್ಲ. ಇಬ್ರೂ ಹೋಗಂಗಿದ್ರೆ ಸರಿ, ಇಲ್ದಿದ್ರೆ ಬ್ಯಾಡ" ಎಂದಳು.

ಕಂಡಕ್ಟರ್ ಸೀಟಿಗೊರಗಿ ನಿಂತರು. "ಅಲ್ಲ ಕಣವ್ವ, ನಿಮ್ಗೆ ಫ್ರೀ ಟಿಕೆಟ್ಟೂ ಕೊಡ್ಬೇಕು, ನಿಮ್ ಜಗ್ಳಾನೂ ಹೊರ್ಬೇಕಾ? ಈ ಸೀಟಿಂದ ಆ ಸೀಟಿಗೆ ಮಾತು ಹೊತ್ತಿದ್ದಕ್ಕೆ ಲಗೇಜ್ ಚಾರ್ಜ್ ಹಾಕ್ತೀನಿ ನೋಡು." ಹಿಂದೆ ಕೂತಿದ್ದ ಗೂಡಿನ ರೈತರು, "ಹಾಕಿ ಸಾಮಿ, ಭಾರ ಐತೆ" ಎಂದರು. ಬಸ್ಸೆಲ್ಲ ನಕ್ಕಿತು. ಸವಿತಾಳೂ ನಕ್ಕಳು, ಆಮೇಲೆ ಮುಖ ತಿರುಗಿಸಿ ದುಪಟ್ಟದಲ್ಲಿ ಕಣ್ಣೊರೆಸಿಕೊಂಡಳು.

ನನಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಎಲ್ಲಿಲ್ಲದ ಸಿಟ್ಟು ಬಂತು. ಮತ್ತೆ ಅದೇ: ನನ್ನನ್ನು ಕೇಳದೆ ನನ್ನ ಪರವಾಗಿ ತ್ಯಾಗ. ಅವಳ ಕೆಲಸ ಹೋದರೆ, ಅದು ಹೋದದ್ದು ನನ್ನಿಂದ ಎಂದು ಉಯ್ಯಂಬಳ್ಳಿಯಲ್ಲಿ ನಾಳೆ ಅವಳ ತಾಯಿ ಹೇಳಬಹುದು. ನಾನು ಒಂದು ಮಾತೂ ಆಡದೆ ಅಷ್ಟೆಲ್ಲ ಮಾಡಿದವಳಾಗಬಹುದು. ದಾರಿಯುದ್ದಕ್ಕೂ ಯೋಚಿಸಿದೆ. ಅವಳು ನನ್ನ ಬಾಯಾಗಿದ್ದದ್ದು ಇಷ್ಟು ವರ್ಷ ನನಗೆ ಅನುಕೂಲವಾಗಿತ್ತು, ಅದು ಸುಳ್ಳಲ್ಲ. ಆದರೆ ಬಾಡಿಗೆಗೆ ಕೊಟ್ಟ ಮನೆಗೂ ಮಾಲೀಕರು ಆಗಾಗ ಹೋಗಿ ಬರಬೇಕು; ಇಲ್ಲದಿದ್ದರೆ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೂ ಮರೆತುಹೋಗುತ್ತದೆ.

ಈ ದಿನ ಬೆಳಿಗ್ಗೆ ಎಂದಿನಂತೆ ಕರವಸ್ತ್ರ ಹಾಕಿ ಸೀಟು ಹಿಡಿದೆ. ಸವಿತಾ ಬಂದು ಕೂತು, ಕಂಡಕ್ಟರ್ ಎಲ್ಲಿದ್ದಾರೆಂದು ಕತ್ತೆತ್ತಿ ಹುಡುಕಿದಳು. ಅವರು ಬುದ್ಧಿವಂತರು, ಹಿಂದಿನ ಬಾಗಿಲಲ್ಲೇ ಉಳಿದಿದ್ದರು.

"ನನ್ನನ್ನೇ ನೋಡು" ಎಂದೆ. "ನಂಗೆ ನಿನ್ ಮೇಲೆ ಕೋಪ ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ. ನೀನು ಕೆಲಸಕ್ಕೆ ಹೋಗು."

"ನೀನು?"

"ನನ್ ವಿಷಯ ನಾನು ಮಾತಾಡ್ತೀನಿ."

ಅವಳು ನನ್ನ ಮುಖ ನೋಡಿದಳು. "ಒಪ್ಗೆ ಈಮೇಲು ಬರ್ದ್ಕೊಡ್ತೀಯಾ?"

"ಇಲ್ಲ."

ರಾಮನಗರದ ಬೆಟ್ಟಗಳು ಕಾಣುವವರೆಗೂ ಅವಳು ಮೊಬೈಲಿನ ಮೇಲೆ ಬಗ್ಗಿ ಬರೆದಳು. ಒಮ್ಮೆ ತೋರಿಸಿದಳು. ಮೇಷ್ಟ್ರ ಕಣ್ಣಿಗೆ ಬಿದ್ದರೆ ಕೆಂಪಾಗುವಂಥ ಇಂಗ್ಲಿಷು. ಮುಟ್ಟಲಿಲ್ಲ, ಏನು ಹೇಳಬೇಕಿತ್ತೋ ಅದು ಅದರಲ್ಲಿತ್ತು. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಳು: ನನ್ನ ಗೆಳತಿಯೂ ಒಳ್ಳೆಯವಳು, ದಯವಿಟ್ಟು ಅವಳನ್ನೂ ತೆಗೆದುಕೊಳ್ಳಿ. ಆ ಸಾಲನ್ನು ಅಳಿಸಿ ಮೊಬೈಲು ಹಿಂದಕ್ಕೆ ಕೊಟ್ಟೆ. ಅವಳು ಹಾಗೇ ಕಳಿಸಿದಳು.

ನಿಲ್ದಾಣದಲ್ಲಿ ಇಳಿದು, ಗೂಡಿನ ಮೂಟೆಗಳು ಇಳಿಯುವ ಗದ್ದಲದಿಂದ ಸ್ವಲ್ಪ ಆಚೆ ಬಂದು, ಕಾರ್ಖಾನೆಯ ನಂಬರು ಒತ್ತಿದೆ. ಅವರು ಅರ್ಧಕ್ಕೆ ನಿಲ್ಲಿಸಿದ ಉತ್ತರ ನನ್ನಲ್ಲಿ ಪೂರ್ತಿ ಇತ್ತು. ಅದನ್ನು ಕೇಳುತ್ತೀರಾ ಎಂದು ಕೇಳಬೇಕಿತ್ತು, ಅಷ್ಟೆ. ರಿಂಗಾಗುತ್ತಿತ್ತು. ಸವಿತಾ ಹಳೆಯ ಅಭ್ಯಾಸದಂತೆ, ಕೊಡು ಎನ್ನುವಂತೆ ಕೈ ಚಾಚಿದಳು. ಚಾಚಿದ ಕೈಯಲ್ಲಿ ಕರವಸ್ತ್ರವನ್ನಿಟ್ಟು, ಅವಳಿಗೆ ಬೆನ್ನು ಮಾಡಿ ನಿಂತೆ.

"ಹಲೋ, ನಮಸ್ಕಾರ ಸಾರ್. ನಾನೇ ಮಾತಾಡ್ತಿರೋದು."