ಹೊರಮೈಗೆ ನಿಂತ ಮೇಸ್ತ್ರಿ

ಮೇಸ್ತ್ರಿಯ ತಾತ ಈ ಊರಿಗೆ ಬಂದದ್ದು ಗಡಿಯಾಚೆಯಿಂದ, ಸೊಂಟಕ್ಕೊಂದು ಗಾರೆ ಮೆತ್ತುವ ಕರಣೆ ಸಿಕ್ಕಿಸಿಕೊಂಡು, ಕಂಕುಳಲ್ಲೊಂದು ಗಂಡುಕೂಸು ಎತ್ತಿಕೊಂಡು. ಆಚೆ ಹೊಡೆದಾಟ ಹತ್ತಿಕೊಂಡು ಉರಿಯುತ್ತಿತ್ತು. ಆಗ ಗಡಿ ಎಂದರೆ ಬಯಲಿನಲ್ಲಿ ನೆಟ್ಟ ಗುರುತಿನ ಕಲ್ಲು, ಅಷ್ಟೇ. ಮೇಯುವ ಆಡು ಕೂಡ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಊರಿನವರು ಆತನ ಹೆಸರು ಕೇಳುವ ಮೊದಲು ಊಟಕ್ಕೆ ಕೂರಿಸಿದರು. ಆ ಋಣಕ್ಕೆ ತಾತ ಶಾಲೆಯ ಗೋಡೆ ಎಬ್ಬಿಸಿಕೊಟ್ಟ. ಕಂಕುಳ ಕೂಸು ಬೆಳೆದು ಮೇಸ್ತ್ರಿಗೆ ಅಪ್ಪನಾಯಿತು. ಆಸ್ಪತ್ರೆ, ನೀರಿನ ತೊಟ್ಟಿ, ಅರ್ಧ ಪೇಟೆ ಆ ಅಪ್ಪನ ಕೈಕೆಲಸ.

ಇಬ್ಬರದೂ ಒಂದೇ ಹಟ. ಗೋಡೆ ಕಟ್ಟುವವನು ಹೊರಗೆ ನಿಂತೇ ಕಟ್ಟಬೇಕು. ಮಟ್ಟದ ದಾರ ಹಿಡಿದ ಕಡೆಯ ಮೈ ಗೆರೆ ಎಳೆದಂತೆ ಬರುತ್ತದೆ, ಹಿಂದಿನ ಮೈಯಲ್ಲಿ ಉಬ್ಬುತಗ್ಗು ಉಳಿಯುತ್ತದೆ. ಉಬ್ಬುತಗ್ಗು ಒಳಗಿದ್ದರೆ ಗಿಲಾವು ಮುಚ್ಚಿಕೊಳ್ಳುತ್ತದೆ. ದಾರಿಹೋಕರ ಕಣ್ಣಿಗೆ ಬೀಳುವ ಮೈ ಮಾತ್ರ ಅಚ್ಚುಕಟ್ಟಾಗಿರಬೇಕು. ಇಟ್ಟಿಗೆಸಾಲಿನ ಕೊನೆಯ ವರಸೆ ಮುಗಿದ ಮೇಲೆ ಮನೆಯನ್ನೊಂದು ಸುತ್ತು ಹಾಕಿ, ಬಾಗಿಲಿಂದ ಒಳಗೆ ಬಂದು, ಮನೆಯವರು ಕೊಟ್ಟ ನೀರು ಕುಡಿಯುವುದು. ಮೇಸ್ತ್ರಿಯೂ ಕೂದಲು ನೆರೆಯುವ ತನಕ ಹಾಗೇ ಮಾಡಿಕೊಂಡು ಬಂದವನು.

ಗಡಿಗೆ ಗೋಡೆ ಬಂತು. ಬಯಲಿನಲ್ಲಿ ಯಂತ್ರಗಳೇ ಅದನ್ನು ಎಬ್ಬಿಸಿಕೊಂಡು ಬಂದವು. ಊರ ಹಿಂದಿನ ಬಂಡೆಗಳ ಇಳಿಜಾರಿಗೆ ಬಂದಾಗ ಯಂತ್ರ ಮುಗ್ಗರಿಸಿತು. ಅಲ್ಲಿಗೆ ಇಟ್ಟಿಗೆಯ ಕೆಲಸವೇ ಆಗಬೇಕೆಂದು ಊರ ಹಿರಿಯರು ಮೇಸ್ತ್ರಿಯನ್ನು ಕರೆದರು.

"ನಿಮ್ಮ ತಾತ ಬಂದ ದಾರಿಗೇ ಇಟ್ಟಿಗೆ ಇಡ್ತೀರಾ?" ಎಂದಳು ಹೆಂಡತಿ, ಸೊಪ್ಪು ಸೋಸುತ್ತ.

"ಅನ್ನ ಹಾಕಿದ ಊರು ಕಣೇ. ಅದು ಬಾಯಿಬಿಟ್ಟು ಕೇಳಿದಾಗ ಆಗಲ್ಲ ಅಂತ ಹೇಗನ್ನಲಿ? ಕಂಡಕಂಡವರೆಲ್ಲ ನುಗ್ತಾರೆ ಅಂತ ಜನಕ್ಕೆ ಭಯ. ಮನೆ ಅಂದ ಮೇಲೆ ಗೋಡೆ ಬೇಡ್ವಾ?"

"ಮನೆಗೆ ಬಾಗಿಲೂ ಇರುತ್ತೆ."

"ಇದಕ್ಕೂ ಇದೆ. ಒಂದು ಹಗಲು ನಡೆದರೆ ಸಿಗುತ್ತೆ."

"ಹಾಗಾದ್ರೆ ನಮ್ಮನೆ ಬಾಗಿಲೂ ಅಲ್ಲೇ ಇಡಿಸಿ. ಊಟಕ್ಕೆ ಅಲ್ಲಿಂದಲೇ ಬನ್ನಿ."

ಅಂದಿನಿಂದ ಅವಳ ಮಾತು ನಿಂತಿತು. ತಟ್ಟೆ ಕುಕ್ಕುವ ಸದ್ದೊಂದೇ ಅವನ ಪಾಲಿಗೆ ಉಳಿಯಿತು. ಕೆಲಸ ಬೇಗ ಮುಗಿಸಿ, ಮನೆಗೆ ಹೋಗಿ, ಹೇಗಾದರೂ ಅವಳನ್ನು ಮಾತಾಡಿಸಬೇಕು ಎಂಬುದೊಂದೇ ಮೇಸ್ತ್ರಿಗೆ ಧ್ಯಾನವಾಯಿತು.

ಕೊನೆಯ ದಿನ ಉಳಿದಿದ್ದದ್ದು ಒಬ್ಬ ಆಳು ತೂರುವಷ್ಟು ಸಂದು. ರೂಢಿಯಂತೆ ಮೇಸ್ತ್ರಿ ಹೊರಮೈಗೆ ನಿಲ್ಲಲು ಬೊಂಬಿನ ಸಾರುವೆ ಕಟ್ಟಿಸಿಕೊಂಡು, ಕೆಳಗಿನಿಂದ ವರಸೆ ಏರಿಸುತ್ತ ಹೋದ. ಒಳಗಿನ ಆಳುಗಳು ಇಟ್ಟಿಗೆ, ಗಾರೆ ಎತ್ತಿ ಕೊಟ್ಟರು. ನೆತ್ತಿಯ ವರಸೆ ಕೂತದ್ದೇ ತಡ, ಅವರು ಮೇಲೆ ಮುಳ್ಳುತಂತಿಯ ಸುರುಳಿ ಎಳೆದು ಬಿಗಿದರು. ಮೇಸ್ತ್ರಿ ಕೆಳಗಿಳಿದ, ಕರಣೆ ಒರೆಸಿದ, ತನ್ನ ಕೆಲಸ ನೋಡಿ ತಾನೇ ತಲೆದೂಗಿದ. ಆಮೇಲೆ ಒಂದು ಸುತ್ತು ಹಾಕಿ ಒಳಗೆ ಹೋಗೋಣವೆಂದು ಹೊರಟವನು ನಾಲ್ಕು ಹೆಜ್ಜೆಗೆ ನಿಂತುಬಿಟ್ಟ.

"ಮೇಸ್ತ್ರೀ, ಎಲ್ಲಿದ್ದೀರಿ?" ಒಳಗಿಂದ ಕೂಗಿದರು.

"ಹೊರಗೆ."

"ಯಾವ ಹೊರಗೆ?"

ಮೇಸ್ತ್ರಿ ತಲೆಯೆತ್ತಿ ಮುಳ್ಳುತಂತಿ ನೋಡಿದ. ಒಳಗೆ ಮೊದಲು ಪಿಸಪಿಸ, ಆಮೇಲೆ ಒಬ್ಬ ಕಿಸಕ್ಕೆಂದ, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ಅವನ ಕೋಟನ್ನು, ಜೇಬಿನ ಗುರುತಿನ ಚೀಟಿ ಸಮೇತ, ಉಂಡೆ ಮಾಡಿ ಗೋಡೆ ದಾಟಿಸಿ ಹೊರಗೆ ಎಸೆದರು. ಗೋಡೆಯ ಕೆಲಸ ಹಿಡಿದಿದ್ದ ಕಂಟ್ರಾಕ್ಟರನನ್ನು ಕರೆತರಲು ಇನ್ನೊಬ್ಬ ಓಡಿದ.

ಮೇಸ್ತ್ರಿ ಹಿಂದಕ್ಕೆ ತಿರುಗಿದರೆ, ಬಂಡೆಯ ನೆರಳಲ್ಲಿ ಒಬ್ಬ ಮುದುಕಿ, ಅವಳ ಸೊಸೆ, ಸೊಸೆಯ ತೊಡೆಯ ಮೇಲೆ ಮಲಗಿದ ಮಗು. ಪಕ್ಕದಲ್ಲಿ ಬಟ್ಟೆಯ ಗಂಟು. ಬೆಳಗಿನಿಂದ ಅಲ್ಲೇ ಕೂತಿದ್ದರು. ಮೇಸ್ತ್ರಿಯ ಕಣ್ಣು ದಾರ ಬಿಟ್ಟು ಆ ಕಡೆ ಹೋಗಿರಲಿಲ್ಲ. ಮುದುಕಿ ಕೋಲೂರಿಕೊಂಡು ಬಂದು ಗೋಡೆಯನ್ನು ಅಂಗೈಯಿಂದ ಸವರಿದಳು.

"ಚೆನ್ನಾಗಿ ಕಟ್ಟಿದ್ದೀಯಪ್ಪ. ಬೆರಳು ಊರೋಕೂ ಜಾಗ ಬಿಟ್ಟಿಲ್ಲ."

ಅದು ಕುಹಕವಾಗಿರಲಿಲ್ಲ. ಕೆಲಸ ಕಂಡು ಬಲ್ಲವಳು ಮನಸಾರೆ ಆಡಿದ ಮಾತು. ಹುಟ್ಟಿದಾರಭ್ಯ ಇಂಥ ಮಾತಿಗೆ ಉಬ್ಬುತ್ತಿದ್ದ ಮೇಸ್ತ್ರಿ ಈಗ ಕರಣೆಯನ್ನು ಬೆನ್ನ ಹಿಂದೆ ಸರಿಸಿದ. ಸೊಸೆ ತಂಬಿಗೆ ತಂದು ಮುಂದೆ ಹಿಡಿದಳು.

"ಕುಡೀರಿ ಅಣ್ಣ. ಹೊತ್ತು ಹುಟ್ಟಿದಾಗಿಂದ ಬಿಸಿಲಲ್ಲೇ ನಿಂತಿದ್ರಿ."

"ಇದನ್ನ ಕಟ್ಟಿದೋನು ನಾನೇ ಅಂತ ಗೊತ್ತಿದ್ದೂ ಕೊಡ್ತೀಯೇನಮ್ಮ?"

"ನಾವೇನು ಗೋಡೆಗೆ ನೀರು ಕೊಡ್ತಿದ್ದೀವಾ?" ಎಂದಳು ಮುದುಕಿ. "ಕುಡಿ, ಕುಡಿ. ಮುಖ ನೋಡು, ಸುಟ್ಟ ಇಟ್ಟಿಗೆ ಆಗಿದೆ."

ಮೇಸ್ತ್ರಿ ನಕ್ಕ, ನಗುವಿನ ಜೊತೆಗೆ ಕಣ್ಣೂ ತುಂಬಿತು. ಹಸಿದ ಹೊಟ್ಟೆಯಲ್ಲಿ ಪರವೂರಿನ ಮೊದಲ ತುತ್ತು ಹೇಗಿತ್ತೆಂದು ತಾತ ಸಾಯುವವರೆಗೂ ಹೇಳುತ್ತಿದ್ದ. ಕೇಳಿ ಕೇಳಿ ಬೇಸತ್ತಿದ್ದ ಮೊಮ್ಮಗನಿಗೆ ಅದರ ರುಚಿ ಇವತ್ತು ನಾಲಗೆಗೇ ತಾಕಿತು. ಬಂಡೆಯ ನೆರಳಲ್ಲಿ ಕೂತು, ಮುದುಕಿ ಮುರಿದುಕೊಟ್ಟ ಒಣ ರೊಟ್ಟಿ ತಿಂದ. ಅವರ ಊರು ಸುಟ್ಟುಹೋಗಿತ್ತು. ಸೊಸೆಯ ಗಂಡ ಮೊದಲೇ ಗಡಿ ದಾಟಿ ಒಳಗೆ ಎಲ್ಲೋ ಕೂಲಿ ಮಾಡುತ್ತಿದ್ದ. ಈ ಸಂದಿನಲ್ಲಿ ನುಸುಳೋಣವೆಂದು ಬಂದವರು ಮುಚ್ಚುವುದನ್ನೇ ನೋಡುತ್ತ ಕೂತರು. ಇನ್ನು ಆ ದೂರದ ಬಾಗಿಲಿಗೇ ನಡೆದು, ಒಳಗೆ ಬಿಡಿ ಎಂದು ಕೇಳಬೇಕು.

ಅಷ್ಟರಲ್ಲಿ ಗೋಡೆಯ ನೆತ್ತಿಯ ಮೇಲೆ ತಂತಿ ಸರಿಸಿಕೊಂಡು ಕಂಟ್ರಾಕ್ಟರನ ತಲೆ ಮೇಲೆದ್ದಿತು.

"ಏನ್ ಮೇಸ್ತ್ರಿ, ಊರಿಗೆಲ್ಲ ಗೋಡೆ ಕಟ್ಟಿ ನಿಮ್ಮನ್ನೇ ಹೊರಗೆ ಹಾಕ್ಕೊಂಡ್ರಲ್ಲ! ಸಾರುವೆ ಹತ್ತಿ ಬನ್ನಿ. ಈ ಕಡೆ ಏಣಿ ಇಟ್ಟಿದ್ದೀನಿ. ಕಾವಲಿನವರಿಗೆ ಹೇಳಿದ್ದೀನಿ, ಒಂದು ಗಳಿಗೆ ಆ ಕಡೆ ತಿರುಗಿಕೊಳ್ತಾರೆ."

ಮೇಸ್ತ್ರಿ ಎದ್ದು ನಿಂತ. ಮಂಡಿ ನೋಯುತ್ತಿತ್ತು, ಮನೆ ಕೂಗಳತೆಯಲ್ಲಿತ್ತು.

"ಈ ಅಜ್ಜಿನೂ ಹತ್ತಬಹುದಾ? ಆ ಹುಡುಗಿ, ಮಗು?"

"ಅದು ಹೇಗಾಗುತ್ತೆ? ನೀವು ನಮ್ಮವರು ಮೇಸ್ತ್ರಿ."

ಮೇಸ್ತ್ರಿ ಬಾಗಿ ಮುದುಕಿಯ ಗಂಟನ್ನೆತ್ತಿ ಹೆಗಲಿಗೇರಿಸಿದ.

"ನಮ್ಮವರು ಅಂದ್ರಲ್ಲ, ಆ ಉಪಕಾರ ನನ್ನ ಮಕ್ಕಳೂ ಮರೆಯಲ್ಲ. ಆದ್ರೆ ಏಣಿ ಬೇಡ ಸ್ವಾಮಿ, ತೆಗೆದುಬಿಡಿ. ನಾನು ಇವರ ಜೊತೆ ಆ ಬಾಗಿಲಿಂದಲೇ ನಡ್ಕೊಂಡು ಬರ್ತೀನಿ. ಇವರನ್ನ ಎಷ್ಟು ಹೊತ್ತು ನಿಲ್ಲಿಸ್ತಾರೋ ಅಷ್ಟು ಹೊತ್ತು ನಾನೂ ನಿಲ್ತೀನಿ. ನನ್ನ ಹೆಂಡ್ತಿಗೆ ಇಷ್ಟು ಹೇಳಿಬಿಡಿ, ಸಾಕು."