ನಲವತ್ತು ದಿನದ ಪದ

ನನಗೊಂದು ಚಟವಿತ್ತು. ಇಂಗ್ಲಿಷ್ ಪದವೊಂದು ಕಣ್ಣಿಗೆ ಬಿದ್ದರೆ ಅದರ ತವರು ಯಾವುದೆಂದು ಹುಡುಕದೆ ಬಿಡುತ್ತಿರಲಿಲ್ಲ. ತಿ. ನರಸೀಪುರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನಿಗೆ ಇಂಥ ಚಟ ಅಂಟಿದ್ದು ಆಶ್ಚರ್ಯವಲ್ಲ. ಅದನ್ನು ಕೇಳುವವರೂ ಒಬ್ಬರಿದ್ದರು ಎನ್ನುವುದೇ ಆಶ್ಚರ್ಯ. ತರಗತಿಯಲ್ಲಿ ಮಕ್ಕಳು ಆಕಳಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಸಾರು ಆರುತ್ತದೆ ಎಂದು ಎದ್ದು ಹೋಗುತ್ತಿದ್ದಳು. ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವಳು ನನ್ನ ಅಕ್ಕ ಒಬ್ಬಳೇ.

ಅಕ್ಕ ಓದಿದ್ದು ಐದನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ನಂಜನಗೂಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಊರಾಚೆ ತಾಂಡ್ಯದ ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅವ್ವ ನನ್ನ ಜೊತೆಗಿದ್ದಳು. ಪ್ರತಿ ಭಾನುವಾರ ಅಕ್ಕ ಬಸ್ಸಿಳಿದು ಬಂದವಳೇ ಅವ್ವನನ್ನು ಜಗಲಿಯ ಮೇಲೆ ಕೂರಿಸಿ ತಲೆಗೆ ಹರಳೆಣ್ಣೆ ತಿಕ್ಕುತ್ತಾ, ಇವತ್ತು ಯಾವ ಪದ ಎಂದು ಕೇಳುತ್ತಿದ್ದಳು. ಭಾನುವಾರಕ್ಕೊಂದು ಪದ ಎನ್ನುವುದು ನಮ್ಮ ಮನೆಯ ಪದ್ಧತಿಯೇ ಆಗಿಹೋಗಿತ್ತು.

ಕೋಚ್ ಎಂಬ ಪದ ಹಂಗೇರಿ ದೇಶದ ಒಂದು ಹಳ್ಳಿಯಿಂದ ಬಂದದ್ದು, ಅಲ್ಲಿ ಒಳ್ಳೆಯ ಗಾಡಿ ಮಾಡುತ್ತಿದ್ದರು, ಊರಿನ ಹೆಸರೇ ಗಾಡಿಗೆ ಅಂಟಿತು ಎಂದಾಗ, ನಂಜನಗೂಡು ರಸಬಾಳೆ ಇದ್ದ ಹಾಗೆ ಎಂದು ಅಕ್ಕ ಥಟ್ಟನೆ ಹಿಡಿದಳು. ಸೊಳ್ಳೆಗೆ ಇಂಗ್ಲಿಷಿನವರು ಇಟ್ಟುಕೊಂಡ ಹೆಸರಿಗೆ ಸ್ಪೇನಿನವರ ಭಾಷೆಯಲ್ಲಿ ಪುಟ್ಟ ನೊಣ ಎಂದರ್ಥ ಎಂದಾಗ ಅವ್ವ ಬೊಚ್ಚು ಬಾಯಿ ತೆರೆದು ನಕ್ಕಳು. ರೋಬೋಟ್ ಎಂಬುದು ಚೆಕ್ ಭಾಷೆಯ ಪದ, ಜಮೀನ್ದಾರನಿಗೆ ಮಾಡುವ ಬಿಟ್ಟಿ ಚಾಕರಿಯಿಂದ ಹುಟ್ಟಿದ್ದು ಎಂದ ದಿನ ಮಾತ್ರ ಯಾರೂ ನಗಲಿಲ್ಲ. ಅವ್ವನ ಅಪ್ಪ ಬಿಟ್ಟಿ ಚಾಕರಿ ಮಾಡಿಯೇ ಬೆನ್ನು ಮುರಿದುಕೊಂಡವನು. ಅಕ್ಕ ಬಟ್ಟಲಿಗೆ ಮತ್ತೆ ಕೈ ಅದ್ದಿ ಅವ್ವನ ತಲೆ ತಿಕ್ಕತೊಡಗಿದಳು.

ಕೊರೊನಾ ಬಂದ ಮೊದಲ ಬೇಸಿಗೆಯಲ್ಲಿ ಅಕ್ಕನ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದ ಹೆಂಗಸಿಗೆ ಜ್ವರ ಬಂತು. ಆರೋಗ್ಯ ಇಲಾಖೆಯವರು ಬಂದು ಅಕ್ಕನ ಮುಂಗೈಗೆ ಮುದ್ರೆ ಒತ್ತಿ, ಹದಿನಾಲ್ಕು ದಿನ ಕೋಣೆ ಬಿಟ್ಟು ಹೊರಗೆ ಬರಬೇಡ ಎಂದು ಹೇಳಿಹೋದರು. ಅವಳು ಫೋನು ಮಾಡಿ, ಕ್ವಾರಂಟೈನ್ ಅಂದರೆ ಏನು ಎಂದು ಕೇಳಿದಳು. ಅಂದು ಭಾನುವಾರವೂ ಅಲ್ಲ. ಹೇಗಿದ್ದೀಯ, ಊಟಕ್ಕೇನು ಮಾಡುತ್ತೀಯ ಎಂದು ಕೇಳಬೇಕಾದವನು ನಾನು, ಮಾತಿನಲ್ಲೇ ಇಟಲಿಯ ವೆನಿಸ್ ಬಂದರಿಗೆ ಹೊರಟುಬಿಟ್ಟೆ. ಪ್ಲೇಗಿನ ಕಾಲದಲ್ಲಿ ಹಡಗಿನವರನ್ನು ದಡಕ್ಕೆ ಬಿಡದೆ ಕಾಯಿಸುತ್ತಿದ್ದರು, ಮೊದಲು ಮೂವತ್ತು ದಿನ ಇಡುತ್ತಿದ್ದರು, ಸಾಲದೆಂದು ನಲವತ್ತು ಮಾಡಿದರು, ಅಲ್ಲಿನವರ ಭಾಷೆಯ ನಲವತ್ತೇ ಈ ಪದ ಎಂದು ವಿವರಿಸಿದೆ. ಅಕ್ಕ ಹೂಂಗುಟ್ಟುತ್ತಾ ಕೇಳಿಸಿಕೊಂಡಳು. ಪಾಠ ಚೆನ್ನಾಗಿ ಆಯಿತೆಂದು ನನಗೆ ಖುಷಿಯಾಯಿತು.

ಅದೇ ವಾರ ಅವ್ವ ಹಾಸಿಗೆ ಹಿಡಿದಳು. ಅವಳ ಎದೆ ಮೊದಲಿನಿಂದಲೂ ದುರ್ಬಲ. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದರು. ಅಕ್ಕನ ಹದಿನಾಲ್ಕು ದಿನ ಮುಗಿದ ಕೂಡಲೇ ನಾನು ತಾಲ್ಲೂಕು ಆಫೀಸಿಗೆ ಅಲೆದು ಅವಳು ಬರುವುದಕ್ಕೆ ಪಾಸು ಮಾಡಿಸಿ ಫೋನು ಮಾಡಿದೆ. ಅವಳು ಬರುವುದಿಲ್ಲ ಎಂದಳು.

"ಮೂವತ್ತೇ ಸಾಲ್ನಿಲ್ಲ ಅಂತ ನೀನೇ ಯೋಳ್ದಲ್ಲಪ್ಪ. ನಲವತ್ತು ಆಗ್ಲಿ. ಅವ್ವಂಗೆ ನನ್ನಿಂದ ಏನಾರ ಅಂಟ್ಕೊಂಡ್ರೆ ನಾನು ಬದುಕೀನಾ?"

ಅದು ಹಳೆಯ ಹಡಗಿನ ಕಾಲದ ಲೆಕ್ಕ, ನಮಗಲ್ಲ, ನಾನು ಹೇಳಿದ್ದು ಬರೀ ಕಥೆ ಎಂದು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಹದಿನಾಲ್ಕು ಸಾಕಂತೆ ಎಂದು ಒಂದು ಸಲ ಗೊಣಗಿ ಸುಮ್ಮನಾದೆ. ಮುದ್ರೆ ಒತ್ತಿದವರು ಹೇಳಿದ್ದಕ್ಕಿಂತ ತಮ್ಮ ಹೇಳಿದ್ದನ್ನೇ ಅವಳು ನಂಬಿದಳಲ್ಲ ಎಂದು ಒಳಗೊಳಗೇ ಬೀಗಿದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವ್ವ ದಿನಾ ಬಾಗಿಲ ಕಡೆ ನೋಡಿ, ಅವಳು ಬಂದಳಾ ಎಂದು ಕೇಳುತ್ತಿದ್ದಳು. ಭಾನುವಾರ ಬರುತ್ತಾಳೆ ಎನ್ನುತ್ತಿದ್ದೆ. ಎಣ್ಣೆ ಕಾಣದೆ ಅವಳ ಕೂದಲು ಜಡೆಗಟ್ಟಿತ್ತು. ನನ್ನ ಹೆಂಡತಿ ಎಣ್ಣೆ ಬಟ್ಟಲು ಹಿಡಿದು ಹೋದರೆ, ಮಗಳು ಬರಲಿ ಎಂದು ಕೈ ತಳ್ಳುತ್ತಿದ್ದಳು. ಅಕ್ಕನ ಲೆಕ್ಕದ ಮೂವತ್ತಮೂರನೇ ದಿನ ಬೆಳಿಗ್ಗೆ ಅವ್ವ ಹೋದಳು.

ನಮ್ಮ ಹೊಲದ ಬದಿಯಲ್ಲೇ ಮಣ್ಣು ಮಾಡಿದೆವು. ಅಕ್ಕ ಗೂಡ್ಸ್ ಆಟೋದ ಹಿಂದೆ ಕೂತು ಬಂದಳು. ಬಂದವಳು ಬೇಲಿಯಾಚೆ ಹೊಂಗೆ ಮರದ ಕೆಳಗೆ ನಿಂತುಬಿಟ್ಟಳು. ಮುಖಕ್ಕೆ ಸೆರಗು ಕಟ್ಟಿದ್ದಳು. ಹತ್ತಿರ ಬಾ ಅಕ್ಕ, ಒಂದು ಸಲ ಮುಖ ನೋಡು ಎಂದು ಗೋಗರೆದೆ.

"ಇನ್ನೂ ಏಳು ದಿನ ಅದೆ ಕಣಪ್ಪ. ಇಲ್ಲಿ ಮಕ್ಳು ಮರಿ ಅವ್ರೆ," ಎಂದಳು.

ಎಲ್ಲರೂ ಗುಂಡಿಗೆ ಮೂರು ಮೂರು ಹಿಡಿ ಮಣ್ಣು ಹಾಕಿದರು. ಅವಳು ನಿಂತಲ್ಲೇ ಬಗ್ಗಿ, ಮರದ ಬುಡದಿಂದ ಮೂರು ಹಿಡಿ ಮಣ್ಣು ತೆಗೆದು ಅಲ್ಲೇ ನೆಲಕ್ಕೆ ಹಾಕಿದಳು. ಮತ್ತೆ ಆಟೋ ಹತ್ತಿ ನಂಜನಗೂಡಿಗೆ ಹೋದಳು, ಉಳಿದ ಏಳು ದಿನ ಮುಗಿಸುವುದಕ್ಕೆ.

ಈಗ ಆ ಬೇಸಿಗೆ ಕಳೆದು ವರ್ಷಗಳಾದವು. ಅಕ್ಕ ಈಗಲೂ ಭಾನುವಾರ ಬರುತ್ತಾಳೆ, ನನ್ನ ಮಗಳ ತಲೆಗೆ ಎಣ್ಣೆ ಹಚ್ಚುತ್ತಾಳೆ. ಒಂದು ದಿನವೂ ನನ್ನನ್ನು ದೂರಲಿಲ್ಲ. ನಾನು ಪದ ಹೇಳುವುದನ್ನು ಬಿಟ್ಟೆ, ಅವಳೂ ಕೇಳುವುದನ್ನು ಬಿಟ್ಟಳು. ಆ ಹದಿನಾಲ್ಕೇ ಸಾಕಾಗಿತ್ತು ಎಂದು ಅವಳಿಗೆ ಯಾರಾದರೂ ಹೇಳಿರುತ್ತಾರೆ. ನಾನಂತೂ ಹೇಳಿಲ್ಲ.

ಹೋದ ಭಾನುವಾರ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಇದ್ದಕ್ಕಿದ್ದಂತೆ ಕೇಳಿದಳು:

"ಆ ಅಡಗಿನೋರು ನಲವತ್ತು ದಿನ ಆದ್ಮೇಲೆ ಮನ್ಗೆ ಓದಾಗ, ಮನೇಲಿ ಎಲ್ರೂ ಇರ್ತಿದ್ರಾ?"

ಗೊತ್ತಿಲ್ಲ ಅಕ್ಕ ಎಂದೆ. ಅವಳು ಕೇಳಿದ್ದಕ್ಕೆ ನಾನು ಹಾಗೆಂದದ್ದು ಅದೇ ಮೊದಲು.